ಬಲೆ ಕೊಡವಿದಾಗ ಬಿದ್ದದ್ದು

…ಅಥವಾ ಹನುಮಕ್ಕ ಆ ಮಾತು ಹೇಳಿದ್ದು ಕೆರೆ ಏರಿಯ ಮೇಲೆ ಅಲ್ಲವೇ ಅಲ್ಲ, ನಮ್ಮ ಆಫೀಸಿನ ಜಗಲಿಯಲ್ಲೇ ಇರಬಹುದು. ನನ್ನ ನೆನಪಿನಲ್ಲಿ ಮಾತ್ರ ಅವಳು ಏರಿಯ ಮೇಲೆ ನಿಂತಿದ್ದಾಳೆ. ಮಡಿಲಲ್ಲಿ ಒದ್ದೆ ಮೀನು ತುಂಬಿಕೊಂಡಿದ್ದಾಳೆ. ಸೆರಗಿನ ತುದಿಯಿಂದ ನೀರು ತೊಟ್ಟಿಕ್ಕಿ ಅವಳ ಪಾದದ ಹತ್ತಿರ ಮಣ್ಣು ಕಪ್ಪಾಗುತ್ತಿದೆ. ಚಿತ್ರ ಎಷ್ಟು ಚೆನ್ನಾಗಿದೆಯೆಂದರೆ ಅದನ್ನು ಕೆಡಿಸಲು ಮನಸ್ಸಾಗುವುದಿಲ್ಲ. ಆದರೆ ಆ ಮಾತು ಹೇಳಿದ ದಿನ ಅವಳ ಮಡಿಲಲ್ಲಿ ಮೀನು ಇರಲು ಸಾಧ್ಯವಿರಲಿಲ್ಲ. ಮೀನು ಸಿಗುವುದಿಲ್ಲ ಎನ್ನುವುದೇ ಅವತ್ತಿನ ಮಾತು. ಹಾಗಾದರೆ ಆ ಮೀನನ್ನು ಆಮೇಲೆ ಯಾವಾಗಲೋ ನಾನೇ ತಂದು ಅವಳ ಮಡಿಲಿಗೆ ಹಾಕಿದ್ದೇನೆ.

ಇದನ್ನು ಓದುವವರು ಇಷ್ಟು ತಿಳಿದಿದ್ದರೆ ಸಾಕು. ನನ್ನ ನೆನಪು ಮೀನು ಹಾಕುತ್ತದೆ.

ಈಚೆಗೆ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ಮಧುಗಿರಿಯ ನಮ್ಮ ಮನೆಗೆ ಬಂದಿದ್ದರು. ಮೀನುಗಾರಿಕೆ ಓದಿದವರು. ಕೆರೆಯ ನೀರು ಎಲ್ಲಿಯವರೆಗೆ ಹರಡಿದೆ ಎಂದು ಫೋನಿನಲ್ಲೇ ನೋಡಿ ಹೇಳುತ್ತಾರೆ. ಅದಕ್ಕೇ ನಾನು ಏರಿಯ ಮೇಲೆ ಚಪ್ಪಲಿ ಸವೆಸಿದ್ದು. "ಫೀಲ್ಡ್ ಹೇಗಿರುತ್ತೆ ಅಂತ ಬರೆದುಕೊಡಿ ಮೇಡಂ, ಪುಸ್ತಕದಲ್ಲಿ ಇಲ್ಲದ್ದನ್ನ," ಅಂದರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಕೆರೆಗಳಿಗೆ ಮೀನುಮರಿ ಬಿಡಿಸುವುದು, ಬೆಳೆದದ್ದನ್ನು ಹಿಡಿಸುವುದು, ಆಮೇಲೆ ಎಲ್ಲರ ದೂರು ಕೇಳುವುದು, ಇದರಲ್ಲಿ ನನ್ನ ನೌಕರಿ ಮುಗಿಯಿತು. ಯಾವ ವರ್ಷ ಯಾವ ಹುದ್ದೆ ಎನ್ನುವುದನ್ನು ಬಿಡುತ್ತೇನೆ. ಅದು ಪೆನ್ಷನ್ ಕಡತದಲ್ಲಿ ನನಗಿಂತ ಚೆನ್ನಾಗಿದೆ.

ನಮ್ಮ ಕಡೆ ಕೆರೆ ಅಂದರೆ ನೀರು ಎಂದು ಅರ್ಥವಲ್ಲ. ತುಂಬಿದ ವರ್ಷ ನಮ್ಮನ್ನು ಎಲ್ಲರೂ ಹುಡುಕಿಕೊಂಡು ಬರುತ್ತಿದ್ದರು. ತುಂಬದ ವರ್ಷ ತಾಲ್ಲೂಕು ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಬೇರೆ ಇಲಾಖೆಯವರ ಮಾತು ಕೇಳುವುದು. ಪಾವಗಡದ ಕಡೆಯ ಒಂದು ಹಳ್ಳಿಯಲ್ಲಿ ಮರಿ ಬಿಡಲು ಹೋದಾಗ ಒಬ್ಬ ಮುದುಕ ಜೀಪಿಗೆ ಅಡ್ಡ ನಿಂತ. ಅಲ್ಲಿ ಕನ್ನಡ ತೆಲುಗು ಒಂದೇ ಮಾತಿನಲ್ಲಿ ಬರುತ್ತವೆ. "ಏಮ್ಮಾ, ಇರೋದೇ ಈಸು ನೀಳ್ಳು. ನಿನ್ನ ಚೇಪಲು ಅದ್ನೂ ಕುಡ್ಕೊಂಬುಟ್ರೆ ನಮ್ಮ ದನಕ್ಕೇನು ಇಕ್ಕೋದು?" ಮೀನು ನೀರು ಕುಡಿದು ಕೆರೆ ಬತ್ತಿಸುವುದಿಲ್ಲ ಎಂದು ನಾನು ಗಂಭೀರವಾಗಿ ವಿವರಿಸಿದೆ. ಅವನು ಕೊನೆಯವರೆಗೂ ಕೇಳಿ, "ಅಂಗಾದ್ರೆ ಅದು ನೀಳ್ಳಲ್ಲೇ ಇದ್ದು ಬಾಯಿ ಯಾಕೆ ಆಡುಸ್ತದೆ?" ಅಂದ. ಸುತ್ತ ನಿಂತವರು ನಕ್ಕರು. ಅವನು ನಂಬಿ ಕೇಳಿದನೋ ನನ್ನನ್ನು ಆಡಿಸಿದನೋ, ಇವತ್ತಿಗೂ ತೀರ್ಮಾನವಾಗಿಲ್ಲ.

ಹುಡುಗಿಯರಿಗೆ ಉಪಯೋಗಕ್ಕೆ ಬರುವ ಒಂದು ಮಾತು: ಮೀನುಮರಿಯ ಪ್ಲಾಸ್ಟಿಕ್ ಚೀಲವನ್ನು ಕೆರೆಗೆ ತಂದ ಕೂಡಲೇ ಬಿಚ್ಚಬೇಡಿ. ಚೀಲವನ್ನು ಹಾಗೇ ನೀರಿನ ಮೇಲೆ ತೇಲಿಬಿಡಿ. ಚೀಲದ ನೀರು, ಕೆರೆಯ ನೀರು ಎರಡೂ ಒಂದೇ ಬಿಸಿಗೆ ಬರಲಿ. ಆಮೇಲೆ ಬಾಯಿ ಬಿಚ್ಚಿದರೆ ಮರಿಗಳು ತಾವಾಗಿ ಹೊರಗೆ ಹೋಗುತ್ತವೆ. ಊರಿನವರು, "ಅದೇನು ಮೇಡಂ ಇಷ್ಟೊತ್ತು, ಸುರೀರಿ," ಎಂದು ಅವಸರ ಮಾಡುತ್ತಾರೆ. ಸುರಿಯಬೇಡಿ. ಈ ಕೆಲಸದಲ್ಲಿ ನನಗೆ ಇಷ್ಟವಾಗಿದ್ದ ಹೊತ್ತು ಅದೇ. ಯಾರೂ ಏನೂ ಮಾಡುವಂತಿಲ್ಲ. ಚೀಲ ತೇಲುತ್ತಿರುತ್ತದೆ, ಎಲ್ಲರೂ ನೋಡುತ್ತಾ ನಿಂತಿರುತ್ತಾರೆ.

ನಮ್ಮದು ಮೀನು ತಿನ್ನದ ಮನೆ. ಮಧುಗಿರಿಯಲ್ಲಿ ತಲೆಮಾರುಗಳಿಂದ ಅಂಗಡಿ ಇಟ್ಟುಕೊಂಡಿದ್ದ ಶಿವಪೂಜೆಯ ಮನೆತನ. ಕೆಲಸ ಸಿಕ್ಕಾಗ ಅಮ್ಮ ನೇಮಕದ ಪತ್ರವನ್ನು ದೇವರ ಮುಂದೆ ಇಡುವುದೋ ಬೇಡವೋ ಎಂದು ಯೋಚಿಸಿ, ಕೊನೆಗೆ ಕಿಟಕಿಯ ಮೇಲಿಟ್ಟಳು. ಸಂಜೆ ಹಿತ್ತಲ ಬಾಗಿಲಿನಿಂದ ಬಂದು ಸ್ನಾನ ಮಾಡಿಯೇ ಒಳಗೆ. ಅಷ್ಟರ ಮೇಲೆ ಅವಳು ಏನೂ ಕೇಳಲಿಲ್ಲ. ಒಮ್ಮೆ ಮಾತ್ರ, "ಸತ್ತಮೇಲೆ ಅದರ ಕಣ್ಣು ಮುಚ್ಚುತ್ತಾ?" ಎಂದಳು. "ಅದಕ್ಕೆ ರೆಪ್ಪೆಯೇ ಇಲ್ಲಮ್ಮ," ಅಂದೆ.

ಈಗ ಮೂರ್ತಿ ಸಾಹೇಬರ ಶೂ.

ಮೂರ್ತಿ ಸಾಹೇಬರು ನನ್ನ ಮೊದಲ ಮೇಲಧಿಕಾರಿ. ಪಾಲಿಶ್ ಹಾಕಿದ ಶೂ ಇಲ್ಲದೆ ಹೊರಗೆ ಕಾಲಿಡದವರು. ಶಿರಾ ತಾಲ್ಲೂಕಿನ ಒಂದು ಕೆರೆ, ಕಳ್ಳಂಬೆಳ್ಳದಿಂದ ಬಹಳ ದೂರವಿಲ್ಲ. ಹೆಸರು ಬರೆಯುವುದಿಲ್ಲ, ಮುಂದಿನ ಕಥೆಯೆಲ್ಲ ಅದೇ ಕೆರೆಯದು. ತಪಾಸಣೆಗೆ ಬಂದ ಸಾಹೇಬರು ನೀರಿನ ಅಂಚಿಗೆ ಇಳಿದರು. ಬಲೆಯ ತಿಮ್ಮಣ್ಣ, ಆ ಕೆರೆಯಲ್ಲಿ ಅಪ್ಪನ ಕಾಲದಿಂದ ಬಲೆ ಹಾಕುವವನು, "ಸಾಮಿ, ಬೂಟು ಬಿಚ್ಬುಡಿ," ಅಂದ. ಸಾಹೇಬರು ಕೇಳಲಿಲ್ಲ. ಕೆಸರು ಒಂದು ಶೂವನ್ನು ಕಾಲಿನಿಂದ ಮೆಲ್ಲಗೆ ಬಿಡಿಸಿಕೊಂಡು ಮುಚ್ಚಿಕೊಂಡಿತು. ಸಾಹೇಬರು ಒಂದು ಶೂ, ಒಂದು ಕಾಲುಚೀಲದಲ್ಲಿ ಜೀಪು ಹತ್ತಿ, ದಾರಿಯುದ್ದಕ್ಕೂ ರೋಹು, ಕಾಟ್ಲಾ ಮೀನಿನ ಇಳುವರಿಯ ಬಗ್ಗೆ ಮಾತಾಡಿದರು. ಶೂ ಬಗ್ಗೆ ಒಂದು ಮಾತಿಲ್ಲ.

ಮುಂದಿನ ವರ್ಷ ಬಲೆ ಎಳೆದಾಗ ಆ ಶೂ ಬಂತು. ಅವತ್ತೇ ನಾನು ಹನುಮಕ್ಕನನ್ನು ಮೊದಲು ನೋಡಿದ್ದು. ಗಟ್ಟಿ ದನಿಯ ಹೆಂಗಸು. ಶೂವನ್ನು ನೀರಿನಲ್ಲಿ ಜಾಲಿಸಿ ನನ್ನ ಮುಂದೆ ಹಿಡಿದಳು.

"ತಗಳಿ, ನಿಮ್ಮ ಸಾಹೇಬ್ರುದ್ದು. ಕೊಡವಿದ್ದು ನಮ್ದು, ನ್ಯಾಯವಾಗಿ ನಾ ಕೊಡಂಗಿಲ್ಲ. ಆದ್ರೆ ನಮ್ಮನೇಲಿ ಒಂಟಿ ಕಾಲಿನೋರು ಯಾರೂ ಇಲ್ಲ."

ಕೊಡವಿದ್ದು ಅಂದರೇನು ಎಂದು ಕೇಳಿದೆ. ಅವಳಿಗೆ ಆಶ್ಚರ್ಯವಾಯಿತು. ಮೀನಿನ ಆಫೀಸಿನವಳಿಗೆ ಅದು ಗೊತ್ತಿಲ್ಲವೇ?

ಆ ಕೆರೆಯ ಪದ್ಧತಿ ಹೀಗೆ. ಕೆರೆಯ ಮೀನಿನ ಗುತ್ತಿಗೆ ಮೀನುಗಾರರ ಸಂಘದ್ದು. ಬಲೆ ಎಳೆದ ದಿನ ದೊಡ್ಡ ಮೀನೆಲ್ಲ ಸಂಘದ ತಕ್ಕಡಿಗೆ ಹೋಗುತ್ತದೆ. ಬಲೆಯ ಕಣ್ಣುಗಳಲ್ಲಿ ಸಿಕ್ಕಿಕೊಂಡ ಬೆರಳುದ್ದದ ಮೀನು, ಪಕ್ಕೆ ಎನ್ನುವ ಚಪ್ಪಟೆ ಮೀನು, ಸೀಗಡಿ, ಅದೂ ಇದೂ ಉಳಿಯುತ್ತದೆ. ಬಲೆಯವನು ಬಲೆಯನ್ನು ದಡಕ್ಕೆ ತಂದು, ಮುಖವನ್ನು ನೀರಿನ ಕಡೆ ತಿರುಗಿಸಿಕೊಂಡು, ಬೆನ್ನ ಹಿಂದೆ ಕೊಡವುತ್ತಾನೆ. ಬಿದ್ದದ್ದು ಹೆಂಗಸರದ್ದು. ಅವರು ಪುಟ್ಟಿ ತರುವಂತಿಲ್ಲ, ಚೀಲ ತರುವಂತಿಲ್ಲ. ಮಡಿಲಲ್ಲಿ ಹಿಡಿಸಿದಷ್ಟು. ಯಾರು ಎಷ್ಟು ಆರಿಸಿದರು ಎಂದು ಬಲೆಯವನು ತಿರುಗಿ ನೋಡುವಂತಿಲ್ಲ. ನೋಡಿದರೆ ಏನಾಗುತ್ತದೆ ಎಂದು ಕೇಳಿದೆ. "ನೋಡಲ್ವಲ್ಲ," ಅಂದಳು ಹನುಮಕ್ಕ.

ಶೂ ತಂದು ಸಾಹೇಬರ ಮೇಜಿನ ಪಕ್ಕದಲ್ಲಿಟ್ಟು ನಡೆದದ್ದು ಹೇಳಿದೆ. ಅವರು ಅದನ್ನೇ ನೋಡುತ್ತಾ ಕೂತರು.

"ಒಳಗೆ ಮೀನೇನಾದರೂ ಇತ್ತಾ?"

"ಎರಡು ಪಕ್ಕೆ ಇದ್ವಂತೆ ಸಾರ್. ಅವನ್ನ ಆಕೆ ಇಟ್ಕೊಂಡ್ಲು."

"ಸರಿ ಬಿಡಿ. ನ್ಯಾಯವೇ," ಅಂದರು ಸಾಹೇಬರು.

ಆ ಸಣ್ಣ ಮೀನಿಗೆ ನಮ್ಮ ಪಾಠಗಳಲ್ಲಿ ಕಳೆ ಮೀನು ಎಂದು ಹೆಸರು. ಹೊಲದ ಕಳೆಯ ಹಾಗೆ. ದೊಡ್ಡ ಮೀನಿನ ಆಹಾರ ತಿಂದುಬಿಡುತ್ತದೆ, ಮರಿ ಬಿಡುವ ಮೊದಲು ಅದನ್ನು ತೆಗೆಯಬೇಕು. ಹೊಂಡಗಳಿಗೆ ಮೀನಿಗೆ ವಿಷವಾಗುವ ಹಿಪ್ಪೆ ಹಿಂಡಿ ಕದಡಿ ಹಾಕಿಸುತ್ತಿದ್ದೆವು. ಸಣ್ಣದೆಲ್ಲ ಸತ್ತು ಮೇಲೆ ತೇಲುತ್ತಿತ್ತು. ಆಗಿನ ವಿಧಾನ ಅದು, ಇಳುವರಿಯೂ ಬರುತ್ತಿತ್ತು. ಈಗ ಯಾರಾದರೂ ಅದನ್ನು ಮೂರ್ಖತನ ಎಂದರೆ ನಾನು ಒಪ್ಪುವುದಿಲ್ಲ. ಆಗ ನಾವು ಕೇಳುತ್ತಿದ್ದ ಪ್ರಶ್ನೆ ಎಷ್ಟು ತೂಕ ಎಂಬುದು. ಯಾರ ತಟ್ಟೆಗೆ ಎಂಬುದು ಅಲ್ಲ.

ಆ ಪ್ರಶ್ನೆ ಕೇಳಿದವಳು ಶಿರೀನ್. ಬಾಂಗ್ಲಾದೇಶದವಳು, ಆಹಾರ ತಜ್ಞೆ, ನನಗಿಂತ ಹತ್ತು ವರ್ಷ ಚಿಕ್ಕವಳು. ನಾಲ್ಕಾರು ದೇಶಗಳು ಸೇರಿ ಕೆರೆ, ನದಿ, ಸಮುದ್ರದ ಆಹಾರ ಬಡವರ ಮನೆಯ ತಾಯಿ ಮಕ್ಕಳಿಗೆ ಸಿಗುವಂತೆ ಮಾಡುವುದು ಹೇಗೆ ಎಂದು ಒಬ್ಬರಿಂದೊಬ್ಬರು ಕಲಿಯುವ ಒಂದು ಕಾರ್ಯಕ್ರಮವಿತ್ತು. ನಮ್ಮ ಜಿಲ್ಲೆಯ ಕೆಲವು ಕೆರೆಗಳು ಅದಕ್ಕೆ ಸೇರಿದವು. ಯಾಕೆ ಸೇರಿದವು ಎಂದು ನನಗೆ ಯಾರೂ ಹೇಳಲಿಲ್ಲ. ಬಯಲುಸೀಮೆಯಲ್ಲಿ ಮೀನು ಎಂದರೆ ಹೊರಗಿನವರಿಗೆ ತಮಾಷೆಯಾಗಿ ಕಂಡಿತೋ ಏನೋ.

ಶಿರೀನಳಿಗೆ ಕನ್ನಡ ಬಾರದು. ಹನುಮಕ್ಕನಿಗೆ ಅದೊಂದೇ ಬರುವುದು. ನಡುವೆ ನಿಂತವರು ಶಿರಾ ಪೇಟೆಯ ಒಣಮೀನಿನ ವ್ಯಾಪಾರಿ ಗೌಸ್ ಸಾಬರು. ಅವರ ಉರ್ದು, ಶಿರೀನಳ ಟಿವಿ ಹಿಂದಿ ಹೇಗೋ ಹೊಂದಿಕೊಂಡವು. ಹನುಮಕ್ಕ ಎರಡು ಮಾತು ಹೇಳಿದರೆ ಸಾಬರು ಇಪ್ಪತ್ತು ಮಾತು ಹೇಳುತ್ತಿದ್ದರು.

"ಏನ್ ಸಾಬ್ರೆ, ನಾ ಬಾರಮ್ಮ ಅಂದೆ ಅಷ್ಟೆ. ನೀವು ಅದೇನು ಕಥೆ ಹೇಳುದ್ರಿ?"

"ಅರೆ ಹನುಮಕ್ಕ, ಪರದೇಶದ ಬೇಟಿ. ಬಾ ಅಂತ ಒಣಮಾತು ಹೇಳೋಕಾಗ್ತದಾ? ಊಟ ಆಯ್ತಾ, ಅಮ್ಮ ಚೆನ್ನಾಗವ್ರಾ, ಎಲ್ಲಾ ನಿನ್ನ ಕಡೆಯಿಂದ ಕೇಳ್ದೆ."

ಶಿರೀನ್ ಮೊದಲು ಕೇಳಿದ್ದು: ಮನೆಯಲ್ಲಿ ದೊಡ್ಡ ಮೀನು ಮಾಡಿದ ದಿನ ಯಾವ ತುಂಡು ಯಾರಿಗೆ? ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಡುವಿನ ತುಂಡು ಗಂಡಸರಿಗೆ, ಆಮೇಲೆ ಹುಡುಗರಿಗೆ. ಬಾಲ, ಸಾರು ಉಳಿದವರಿಗೆ. ಸಣ್ಣ ಮೀನು ಮಾಡಿದ ದಿನ? ಒಬ್ಬಳು ನಕ್ಕಳು. "ಅದ್ರಲ್ಲೇನು ಪಾಲು ಕಣಮ್ಮ. ಸೌಟು ಮುಳುಗ್ಸಿದ್ರೆ ಬಂದಷ್ಟು ಬರ್ತದೆ. ಯಾರಿಗಾದ್ರೂ ಅಷ್ಟೆ." ಶಿರೀನ್ ತಲೆ ಆಡಿಸಿದಳು. ಅವಳ ಕಡೆಯೂ ಹಾಗೇ. ತಲೆ, ಮುಳ್ಳು, ಕಣ್ಣು ಸಮೇತ ತಿನ್ನುವ ಆ ಮೀನಿನಲ್ಲಿ ಮಕ್ಕಳ ಮೂಳೆಗೆ, ಕಣ್ಣಿಗೆ, ಬಸುರಿಯ ರಕ್ತಕ್ಕೆ ಬೇಕಾದದ್ದು ಇದೆ ಎನ್ನುವುದು ಒಂದು ಮಾತಾದರೆ, ಅದನ್ನು ಪಾಲು ಮಾಡಿ ಹೆಂಗಸರಿಗೆ ಕಡಿಮೆ ಕೊಡಲು ಆಗುವುದಿಲ್ಲ ಎನ್ನುವುದು ಇನ್ನೊಂದು.

ಆಮೇಲೆ ಅವಳು ಸಲ್ವಾರ್ ಮಡಚಿ ಹನುಮಕ್ಕನ ಪಕ್ಕ ನೆಲದ ಮೇಲೆ ಕೂತು ಮೀನು ಸೋಸತೊಡಗಿದಳು. ಹೆಬ್ಬೆರಳಿನಿಂದ ಹೊಟ್ಟೆ ಒತ್ತಿ ಕರುಳು ತೆಗೆಯುವುದು, ತೋರುಬೆರಳಿನಿಂದ ಹುರುಪೆ ಜಾರಿಸುವುದು. ಇಬ್ಬರ ಕೈಯೂ ಒಂದೇ ರೀತಿ ಆಡುತ್ತಿತ್ತು. ಹನುಮಕ್ಕ ಸ್ವಲ್ಪ ಹೊತ್ತು ನೋಡಿ ನನಗೆ ಹೇಳಿದಳು: "ಇವ್ಳ್ಗೆ ಮೀನು ಗೊತ್ತು ಕಣಮ್ಮ. ನೀವು ಇಷ್ಟು ವರ್ಸದಿಂದ ಬತ್ತೀರ, ಒಂದಿನಾನಾದ್ರೂ ಮುಟ್ಟಿದ್ರಾ? ತಿನ್ನದೋರು ಹೇಳೋದು, ತಿನ್ನೋರು ಕೇಳೋದು."

ಸಾಬರು ಇದನ್ನು ಶಿರೀನಳಿಗೆ ಹೇಗೆ ಅನುವಾದ ಮಾಡಿದರೋ ಗೊತ್ತಿಲ್ಲ. ಅವಳು ನನ್ನ ಕಡೆ ನೋಡಿ ನಕ್ಕಳು.

ವಿಧಾನ ಬದಲಾಯಿತು. ಹಿಂಡಿ ನಿಂತಿತು. ಸಣ್ಣ ಮೀನು, ದೊಡ್ಡ ಮೀನು ಎರಡೂ ಒಟ್ಟಿಗೆ ಬೆಳೆಯುವ ಲೆಕ್ಕಾಚಾರ ಬಂತು. ಆಫ್ರಿಕಾದ ಮಲಾವಿಯಿಂದ ಬಂದಿದ್ದ ಒಬ್ಬರು ಮೀನನ್ನು ನೆಲದ ಮರಳಿನ ಮೇಲೆ ಹರಡುವ ಬದಲು ಸೊಂಟದೆತ್ತರದ ಚಪ್ಪರಕ್ಕೆ ಬಲೆ ಬಿಗಿದು ಅದರ ಮೇಲೆ ಒಣಗಿಸುವುದನ್ನು ತೋರಿಸಿಕೊಟ್ಟರು. ಮರಳು ಹೋಯಿತು, ವಾಸನೆ ಕಡಿಮೆಯಾಯಿತು. ಹೆಂಗಸರು ಅದನ್ನು ಪುಡಿ ಮಾಡಿದರು. ಅಂಗನವಾಡಿಯಲ್ಲಿ ಮೀನು ತಿನ್ನುವ ಮನೆಯ ಮಕ್ಕಳ ಅನ್ನ ಸಾರಿಗೆ ಒಂದು ಚಮಚ. ಮೊದಲ ದಿನ ಒಂದು ಮಗು ಉಗುಳಿತು, ಉಳಿದವು ಅದನ್ನು ನೋಡಿ ಉಗುಳಿದವು. ಬೆಳ್ಳುಳ್ಳಿ ಜಾಸ್ತಿ ಮಾಡಿದ ಮೇಲೆ ತಿಂದವು. ಗೌಸ್ ಸಾಬರು ಪುಡಿಯನ್ನು ಅಂಗೈಯಲ್ಲಿ ಹಾಕಿಕೊಂಡು ಮೂಸಿ, "ಮಂಗಳೂರಿಂದ ಬರೋದಕ್ಕಿಂತ ಇದು ಬೆಟರ್. ಎಷ್ಟಾದ್ರೂ ತಗೋತೀನಿ," ಅಂದರು. ಮೇಲಿನಿಂದ ಮೆಚ್ಚುಗೆ ಬಂತು, ಫೋಟೋಗಳಿಗೆ ಜನ ಬಂದರು.

ನೋಡಿ, ಇಲ್ಲಿಗೆ ನಿಲ್ಲಿಸಿದರೆ ಒಳ್ಳೆಯ ವರದಿಯಾಗುತ್ತದೆ. ನಾನು ಬರೆದ ವರದಿ ಇಲ್ಲಿಗೇ ನಿಂತಿದೆ.

ಮರುವರ್ಷ ಬಲೆ ಹಾಕುವ ಹೊತ್ತಿಗೆ ಸಂಘದ ಕಾರ್ಯದರ್ಶಿ ರಂಗಪ್ಪ ಒಂದು ತೀರ್ಮಾನ ಮಾಡಿದ. ಕೊಡವಿದ ಮೀನೂ ಇನ್ನು ಮೇಲೆ ಸಂಘದ್ದು. ಸಂಘವೇ ಒಣಗಿಸಿ ಮಾರುತ್ತದೆ, ಅಂಗನವಾಡಿಗೂ ಕೊಡುತ್ತದೆ. ಹೆಂಗಸರಿಗೆ ಬೇಕಾದರೆ ಚಪ್ಪರದ ಹತ್ತಿರ ಕೂಲಿ. ಅವನು ಕೆಟ್ಟವನಲ್ಲ. ಕಾರ್ಯಕ್ರಮ ಬರುವ ಮೊದಲು ಎರಡು ವರ್ಷ ಕೆರೆ ಒಣಗಿ ಸಂಘ ಸೊರಗಿತ್ತು. "ಸಂಘಕ್ಕೂ ಹೊಟ್ಟೆ ಐತೆ ಮೇಡಂ. ಬೆಲೆ ಇಲ್ಲದ್ದು ಅಂತ ಬುಟ್ಟಿದ್ವಿ. ಬೆಲೆ ಐತೆ ಅಂತ ನೀವೇ ತೋರ್ಸುದ್ರಿ," ಅಂದ. ಗುತ್ತಿಗೆಯ ಲೆಕ್ಕದಲ್ಲಿ ಅವನ ಮಾತು ಸರಿಯಾಗಿಯೇ ಇತ್ತು. ಕೆರೆಯ ಮೀನೆಂದರೆ ಎಲ್ಲಾ ಮೀನು.

ಆಗ ಹನುಮಕ್ಕ ಬಂದಳು. ಏರಿಯೋ ಜಗಲಿಯೋ, ಎಲ್ಲೋ. ಅವಳ ಮಗಳು ಸುಜಾತ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಮೊದಲ ಹೆರಿಗೆ. ರಕ್ತ ಕಡಿಮೆ ಎಂದು ಆಸ್ಪತ್ರೆಯ ನರ್ಸ್ ಗದರಿದ್ದಳು. ಆ ಮನೆಯಲ್ಲಿ ಬಾಣಂತಿಗೆ ಒಣಗಿಸಿದ ಸಣ್ಣ ಮೀನು, ಬೆಳ್ಳುಳ್ಳಿ, ಮೆಣಸು ಹಾಕಿದ ಸಾರು. ಬಲೆ ಕೊಡವಿದ ದಿನ ಒಂದು ಮಡಿಲು ಆರಿಸಿ ಒಣಗಿಸಿ ಮಡಕೆಯಲ್ಲಿಟ್ಟರೆ ಬಾಣಂತನ ಮುಗಿಯುವವರೆಗೂ ಬರುತ್ತಿತ್ತು. ಹನುಮಕ್ಕನ ಬಾಣಂತನ ಹಾಗೇ ಆಗಿದ್ದು, ಅವಳ ಅವ್ವನದೂ.

"ನೀವು ಬರೋಗಂಟ ಅದು ಕಸ ಕಣಮ್ಮ. ಕಸ ಆಗಿದ್ದಾಗ ನಮ್ದಾಗಿತ್ತು. ಒಳ್ಳೇದು ಅಂತ ನೀವು ಹೇಳುದ್ರಿ. ಒಳ್ಳೇದಾಗಿದ್ದೇ ತಡ ನಮ್ದಲ್ಲ ಅಂತಾವ್ರೆ. ನಮ್ಮ ಮೀನು ಒಣಗ್ಸೋಕೆ ನಮಗೇ ಕೂಲಿ."

ಬಾಣಂತನಕ್ಕೆ ಬೇಕಾದಷ್ಟು ಪುಡಿ ನಾನೇ ಕೊಂಡು ಕೊಡುತ್ತೇನೆ ಅಂದೆ. ಅವಳು ಸಿಟ್ಟಾಗಲಿಲ್ಲ. ಚಿಕ್ಕವಳನ್ನು ನೋಡುವ ಹಾಗೆ ನನ್ನನ್ನು ನೋಡಿದಳು.

"ಬುಡಿ. ನಮ್ಮ ಕೆರೆ ಮೀನ ನೀವು ಕೊಂಡ್ಕೊಟ್ರೆ ಮಗೀಗೆ ನಿಮ್ಮ ಹೆಸ್ರೇ ಇಕ್ಕಬೇಕಾಯ್ತದೆ. ಗಂಡಾದ್ರೆ ಏನ್ ಮಾಡೋದು?"

ಇಬ್ಬರೂ ನಕ್ಕೆವು. ನಕ್ಕದ್ದು ನಿಜ ಎಂದು ನನಗೆ ಖಾತ್ರಿ ಇದೆ. ಈ ಬರಹದಲ್ಲಿ ಖಾತ್ರಿ ಇರುವ ಕೆಲವೇ ಸಂಗತಿಗಳಲ್ಲಿ ಅದೊಂದು.

ಆ ಹೊತ್ತಿಗೆ ಕಾರ್ಯಕ್ರಮದ ಕೊನೆಯ ಭೇಟಿಗೆಂದು ಶಿರೀನ್ ಮತ್ತೆ ಬಂದಿದ್ದಳು. ಬೇರೆ ಕೆಲಸಕ್ಕೆ ಹೋಗಿದ್ದಾಗ ಮದಲೂರು ಕೆರೆಯ ಏರಿಯ ಮೇಲೆ ಜೀಪು ನಿಲ್ಲಿಸಿ ಅವಳಿಗೆ ಎಲ್ಲ ಹೇಳಿದೆ. ಅವಳು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಅವಳ ಊರಿನ ತಗ್ಗಿನಲ್ಲಿ ಮಳೆಗಾಲದ ನೀರು ನಿಲ್ಲುತ್ತಿತ್ತು. ಅಮ್ಮ ಒಲೆ ಹಚ್ಚಿ ಅವಳನ್ನು ಮೀನಿಗೆ ಕಳಿಸುತ್ತಿದ್ದಳು, ಒಲೆ ಕಾಯುವಷ್ಟರಲ್ಲಿ ಬುಟ್ಟಿಯಲ್ಲಿ ಸಾರಿಗಾಗುವಷ್ಟು. ಒಂದು ವರ್ಷ ಆ ಸಣ್ಣ ಮೀನಿಗೆ ಪೇಟೆಯಲ್ಲಿ ಬೆಲೆ ಬಂತು. ಗುತ್ತಿಗೆದಾರ ಕಾವಲು ಹಾಕಿದ. ಅವಳು ಖಾಲಿ ಬುಟ್ಟಿಯಲ್ಲಿ ವಾಪಸ್ ಬಂದಾಗ ಒಲೆ ಉರಿಯುತ್ತಲೇ ಇತ್ತು.

"ನಾವು ಒಣಗಿಸುವುದನ್ನು ನಿಮಗೆ ಕಲಿಸಿದೆವು, ಪುಡಿ ಮಾಡುವುದನ್ನು ಕಲಿಸಿದೆವು. ಕಾವಲುಗಾರನ ವಿಷಯ ಹೇಳಲು ನನಗೆ ನೆನಪೇ ಆಗಲಿಲ್ಲ. ಅದು ಆಹಾರದ ವಿಷಯ ಅಂತ ಅನಿಸಿರಲಿಲ್ಲ," ಅಂದಳು.

ನಾನು ಮೂರ್ತಿ ಸಾಹೇಬರಿಗೆ ಫೋನ್ ಮಾಡಿದೆ. ಅವರು ನಿವೃತ್ತರಾಗಿ ಕೊರಟಗೆರೆಯಲ್ಲಿದ್ದರು. ರಂಗಪ್ಪ ಅವರ ಮಾತು ಕೇಳುತ್ತಾನೆ ಎಂದು ಆಸೆ. ಪೂರ್ತಿ ಕೇಳಿದ ಮೇಲೆ, "ಕೊಡವಿದ್ದು ಯಾರದ್ದು ಅಂತ ನನಗೆ ಗೊತ್ತಮ್ಮ. ನನ್ನ ಶೂ ಅದರಲ್ಲಿತ್ತು," ಅಂದು ಫೋನ್ ಇಟ್ಟರು. ಮಾಡುತ್ತೇನೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ.

ಬಲೆಯ ದಿನ.

ಎಳೆಬಿಸಿಲು. ತಿಮ್ಮಣ್ಣ ಮತ್ತವನ ಜೊತೆಯವರು ಲಾರಿ ಟ್ಯೂಬಿನ ಮೇಲೆ ಕೂತು ಬಲೆ ಸುತ್ತಿಸಿ ದಡಕ್ಕೆ ಎಳೆದರು. ಕಾಟ್ಲಾ ಚೆನ್ನಾಗಿ ಬಂದಿತ್ತು. ತಕ್ಕಡಿ, ಕ್ರೇಟು, ಐಸು, ಗದ್ದಲ. ಅದೆಲ್ಲ ಮುಗಿದ ಮೇಲೆ ರಂಗಪ್ಪ ದಡದ ಮೇಲೆ ನೀಲಿ ಟಾರ್ಪಾಲು ಹಾಸಿಸಿದ. ಬಲೆಯನ್ನು ಅದರ ಮೇಲೆ ಕೊಡವಬೇಕು, ಬಿದ್ದದ್ದು ಕ್ರೇಟಿಗೆ. ಹೆಂಗಸರು ಏರಿಯ ಮೇಲೆ ಸಾಲಾಗಿ ನಿಂತಿದ್ದರು. ಕೆಳಗೆ ಇಳಿಯಲಿಲ್ಲ. ಬೈಯಲೂ ಇಲ್ಲ. ಹನುಮಕ್ಕ ಎಲ್ಲರಿಗಿಂತ ಮುಂದೆ. ಸುಜಾತಳನ್ನು ಕರೆದುಕೊಂಡು ಬಂದಿರಲಿಲ್ಲ, ಬಸುರಿ ಆ ಇಳಿಜಾರು ಇಳಿಯಬಾರದೆಂದು. ಶಿರೀನ್ ನನ್ನ ಪಕ್ಕದಲ್ಲಿ. ಗೌಸ್ ಸಾಬರು ಲಗೇಜ್ ಆಟೋ ಪಕ್ಕದಲ್ಲಿ.

ಇಲ್ಲಿಂದ ಮುಂದೆ ನನ್ನನ್ನು ನಂಬಬೇಡಿ.

ನಾನು ಕಂಡದ್ದು: ತಿಮ್ಮಣ್ಣ ಟಾರ್ಪಾಲು ನೋಡಿದ. ಬಲೆಯ ತುದಿ ಹಿಡಿದು ಅದನ್ನು ದಾಟಿಸಿಕೊಂಡು ಆಚೆಯ ಹಸಿ ಮಣ್ಣಿಗೆ ಎಳೆದ. "ಬಲೆ ನಂದು. ಸಂಘದ್ದು ಮೀನು," ಅಂದ. ಮುಖವನ್ನು ನೀರಿನ ಕಡೆ ತಿರುಗಿಸಿದ. ಕೊಡವಿದ. ಬೆಳ್ಳಿಯ ಚೂರಿನಂಥವು ಅವನ ಬೆನ್ನ ಹಿಂದೆ ಉದುರಿದವು. ಏರಿಯ ಮೇಲಿನ ಹೆಂಗಸರು ಸೆರಗು ಬಿಗಿದುಕೊಂಡು ಇಳಿದರು.

ಇದನ್ನೇ ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಬರೆಯಬೇಕೆಂದು ಕೂತಾಗ ಉಳಿದವರನ್ನೂ ಕೇಳೋಣ ಎನಿಸಿತು.

ಶಿರೀನ್ ಉತ್ತರ ಬರೆದಳು: ಇಲ್ಲ, ನೀವು ರಂಗಪ್ಪನ ಹತ್ತಿರ ಹೋಗಿ ಕನ್ನಡದಲ್ಲಿ ಏನೋ ಹೇಳಿದಿರಿ. ಮೆಲ್ಲಗೆ. ಆಮೇಲೆ ಅವನೇ ಟಾರ್ಪಾಲು ಮಡಿಸಿದ. ನೀವು ಏನು ಹೇಳಿದಿರಿ ಎಂದು ಎಷ್ಟು ವರ್ಷದಿಂದ ಕೇಳಬೇಕೆಂದಿದ್ದೆ.

ನಾನು ಏನೂ ಹೇಳಿದ ನೆನಪಿಲ್ಲ.

ಗೌಸ್ ಸಾಬರು, ಈಗ ಅಂಗಡಿ ಮಗನಿಗೆ ಬಿಟ್ಟು ಮಸೀದಿಯ ಎದುರಿನ ಕಟ್ಟೆಯ ಮೇಲೆ ಕೂರುತ್ತಾರೆ: "ಅರೆ ಮೇಡಂ, ನಾನೇ ಹೇಳಿದ್ದಲ್ವಾ. ಹೆಣ್ಣುಮಕ್ಕಳು ಒಣಗಿಸಿದ್ದಾದ್ರೆ ತಗೋತೀನಿ, ಸಂಘದ ಹುಡುಗರು ಒಣಗಿಸಿದ್ರೆ ಬಿಲ್ಕುಲ್ ಬೇಡ ಅಂತ. ಅದಕ್ಕೆ ರಂಗಪ್ಪ ತಣ್ಣಗಾದ."

ಮೂರ್ತಿ ಸಾಹೇಬರನ್ನು ಕೇಳಲಾಗಲಿಲ್ಲ. ಅವರು ತೀರಿಕೊಂಡಿದ್ದಾರೆ. ಬಲೆಯ ಹಿಂದಿನ ದಿನ ಅವರು ರಂಗಪ್ಪನ ಮನೆಗೇ ಹೋಗಿದ್ದರು ಎಂದು ಅವರ ಹೆಂಡತಿಗೆ ನೆನಪು. ಕೊರಟಗೆರೆಯಿಂದ ಬಸ್ಸಿನಲ್ಲಿ. ಚಪ್ಪಲಿ ಹಾಕಿಕೊಂಡು.

ರಂಗಪ್ಪ: "ಟಾರ್ಪಾಲು ಗಾಳಿಗೆ ಹಾರೋಯ್ತು ಮೇಡಂ. ಅದ್ರಲ್ಲೇನು ಐತೆ." ಅವತ್ತು ಗಾಳಿ ಇತ್ತೇ? ನನ್ನ ನೆನಪಿನಲ್ಲಿ ನೀರು ಕನ್ನಡಿಯಂತಿದೆ.

ತಿಮ್ಮಣ್ಣನಿಗೆ ಈಗ ಕಿವಿ ಕೇಳುವುದಿಲ್ಲ. ಅವನ ಹೆಂಡತಿ ಕಿವಿಯ ಹತ್ತಿರ ಕೂಗಿ ಕೇಳಿದಳು. ಅವನು ನನ್ನನ್ನು ನೋಡಿ, "ನಾನು ಹಿಂದೆ ನೋಡಲ್ಲ ಕಣಮ್ಮ," ಅಂದ. ಅಷ್ಟೇ ಉತ್ತರ.

ಕೊನೆಗೆ ಹನುಮಕ್ಕ. "ಯಾರೂ ಏನೂ ಮಾಡ್ಲಿಲ್ಲ. ತಿಮ್ಮಣ್ಣ ಯಾವಾಗ್ಲೂ ಅಂಗೇ ಕೊಡವೋದು. ಯಾವತ್ತೂ ಅಂಗೇ. ನೀವು ದೊಡ್ಡದು ಮಾಡ್ಕಂಡು ಕೂತಿದ್ದೀರ." ಹಾಗಾದರೆ ನೀನು ಬಂದು ಆ ಮಾತು ಹೇಳಿದ್ದು? ಕಸ ಆಗಿದ್ದಾಗ ನಮ್ದಾಗಿತ್ತು ಅಂದದ್ದು? "ನಾನಾ? ಅಷ್ಟು ಚೆಂದಾಗಿ ಮಾತಾಡುದ್ನಾ?" ಅಂದಳು. ಅವಳಿಗೆ ಸಂತೋಷವಾದಂತೆ ಕಂಡಿತು.

ಒಂದು ಸಂಗತಿಯಲ್ಲಿ ಎಲ್ಲರದೂ ಒಂದೇ ಮಾತು. ಅವತ್ತು ಮಡಿಲು ತುಂಬಿಕೊಂಡು ಏರಿ ಹತ್ತುವಾಗ ಹೆಂಗಸರು ಒಬ್ಬೊಬ್ಬರೂ ಚಪ್ಪರದ ಹತ್ತಿರ ನಿಂತು ಒಂದೊಂದು ಹಿಡಿ ಮೀನನ್ನು ಅದರ ಮೇಲೆ ಹಾಕಿ ಹೋದರು. ಅಂಗನವಾಡಿಗೆ. ಯಾರೂ ಹೇಳಿರಲಿಲ್ಲ. ರಂಗಪ್ಪ ಅದನ್ನು ನೋಡುತ್ತಾ ನಿಂತಿದ್ದು, ಆಮೇಲೆ ತಾನೇ ಹೋಗಿ ಮೀನನ್ನು ಒಂದರ ಮೇಲೊಂದು ಬೀಳದಂತೆ ಬೆರಳಿನಿಂದ ಹರಡಿದ. ಎಲ್ಲರಿಗೂ ನೆನಪಿರುವುದು ಅದು. ಯಾಕೆಂದರೆ ಅದರಲ್ಲಿ ಯಾರದೂ ಹೆಚ್ಚುಗಾರಿಕೆ ಇರಲಿಲ್ಲವೇನೋ.

ಸುಜಾತಳಿಗೆ ಹೆಣ್ಣುಮಗು. ತೂಕ ಸರಿಯಾಗಿತ್ತು. ತಾಯಿ ನಿಧಾನವಾಗಿ ಚೇತರಿಸಿಕೊಂಡಳು. ಮೀನಿನಿಂದಲೋ, ನರ್ಸ್ ಕೊಟ್ಟ ಮಾತ್ರೆಯಿಂದಲೋ, ಇಪ್ಪತ್ತು ವರ್ಷದ ದೇಹದ ತಾಕತ್ತಿನಿಂದಲೋ ಹೇಳಲು ಬರುವುದಿಲ್ಲ. ಶಿರೀನ್ ಕೇಳಿದಾಗಲೂ ಇದನ್ನೇ ಹೇಳಿದೆ. ಅವಳೂ ಒಪ್ಪಿದಳು. ಮಗುವಿಗೆ ನನ್ನ ಹೆಸರಿಡಲಿಲ್ಲ.

ಬಾಣಂತಿಯನ್ನು ನೋಡಲು ಹೋದ ದಿನ ಹನುಮಕ್ಕ ಆ ಸಾರನ್ನು ಒಂದು ಸಣ್ಣ ಲೋಟದಲ್ಲಿ ನನ್ನ ಮುಂದೆ ಇಟ್ಟಳು. ಗೇಲಿ ಮಾಡಲಿಲ್ಲ. ಇಟ್ಟು ಒಳಗೆ ಹೋದಳು, ನಾನು ಏನು ಮಾಡುತ್ತೇನೆ ಎಂದು ನೋಡಬಾರದೆನ್ನುವ ಹಾಗೆ. ಮಗು ತೊಟ್ಟಿಲಲ್ಲಿ ಮುಷ್ಟಿ ಬಿಗಿದು ಮಲಗಿತ್ತು. ಲೋಟ ಬಿಸಿಯಾಗಿತ್ತು. ಬೆಳ್ಳುಳ್ಳಿಯ ವಾಸನೆ, ಅದರ ಕೆಳಗೆ ಕೆರೆಯ ವಾಸನೆ. ಅಮ್ಮ ಕೇಳಿದಾಗ ಕುಡಿಯಲಿಲ್ಲ ಎಂದು ಹೇಳಿದೆ. ಶಿರೀನಳಿಗೆ ಬರೆದಾಗ ಒಂದು ಗುಟುಕು ಕುಡಿದೆ ಎಂದು ಬರೆದೆ. ಎರಡನ್ನೂ ಹೇಳಿ ಹೇಳಿ, ಆ ಲೋಟ ಈಗ ನನ್ನ ನೆನಪಿನಲ್ಲಿ ಒಮ್ಮೆ ತುಂಬಿರುತ್ತದೆ, ಒಮ್ಮೆ ಸ್ವಲ್ಪ ಕಡಿಮೆಯಾಗಿರುತ್ತದೆ.

ಹುಡುಗಿಯರೇ, ನಿಮಗೆ ಹೇಳಬೇಕಾದದ್ದು ಹೆಚ್ಚಿಲ್ಲ. ಚೀಲ ತೇಲಿಬಿಡಿ. ಶೂ ಬಿಚ್ಚಿ. ಯಾವುದನ್ನಾದರೂ ಒಳ್ಳೆಯದು ಎಂದು ನಾಲ್ಕು ಜನರ ಮುಂದೆ ಹೇಳುವ ಮೊದಲು, ಅದು ಈಗ ಯಾರ ಮಡಿಲಲ್ಲಿದೆ ಎಂದು ನೋಡಿ.

ಆ ವರ್ಷದ ನಂತರ ಕೆರೆ ಬಹಳ ಕಾಲ ತುಂಬಲಿಲ್ಲ. ಅಷ್ಟರಲ್ಲಿ ನನ್ನ ನೌಕರಿ ಮುಗಿಯಿತು. ರಂಗಪ್ಪನ ಜಾಗದಲ್ಲಿ ಬೇರೆಯವರು ಬಂದಿದ್ದಾರೆ, ತಿಮ್ಮಣ್ಣನ ಬಲೆ ಈಗ ಅವನ ತಮ್ಮನ ಮಗನ ಕೈಯಲ್ಲಿದೆ. ಈ ಸಲ ಕೆರೆ ತುಂಬಿದೆ ಎಂದು ಹನುಮಕ್ಕ ಫೋನ್ ಮಾಡಿದ್ದಳು. ಮರಿ ಬಿಟ್ಟಿದ್ದಾರಂತೆ. ಬಲೆ ಹಾಕುವುದು ಇನ್ನೂ ತಡ. ಹಾಕಿದ ದಿನ ಆ ಹುಡುಗ ಬಲೆಯನ್ನು ದಡಕ್ಕೆ ತಂದು ಯಾವ ಕಡೆಗೆ ಮುಖ ಮಾಡಿ ನಿಲ್ಲುತ್ತಾನೆ ಎಂದು ಕೇಳಿದೆ.

"ಅವ್ನಿಗೆ ಯಾರಾದ್ರೂ ಹೇಳವ್ರೋ ಇಲ್ವೋ," ಅಂದಳು ಹನುಮಕ್ಕ.

ನನಗೂ ಗೊತ್ತಿಲ್ಲ.